ಪಡುವಣ ಗೋಡೆಯ ಎಂಟನೇ ಬೊಟ್ಟು

ಹುಸೇನ ಕಾಕಾ,

ನಿಮ್ಮನ್ನು ಮಣ್ಣಿಗಿಟ್ಟು ಎರಡು ವರ್ಷವಾಯಿತು. ಹೋದ ತಿಂಗಳು ನಿಮ್ಮ ಸುತ್ತಿಗೆಯ ಸದ್ದು ಕೇಳಿದೆ. ಬ್ಯಾಡಗಿಯಲ್ಲಿ, ನಿಮ್ಮ ಮಗಳು ರಜಿಯಾಳ ಮನೆಯಲ್ಲಿ, ಹಾಡಹಗಲು. ಬೇಗ ಬೇಗ ಎರಡು, ಆಮೇಲೆ ತಡೆದು ಒಂದು. ಗೋಡೆಯನ್ನು ಹಾಗೆ ಬಡಿದು ನೋಡುವವರು ಈ ಸೀಮೆಯಲ್ಲಿ ನಿಮ್ಮನ್ನು ಬಿಟ್ಟರೆ ನಾನೊಬ್ಬಳೇ. ಆ ಹೊತ್ತಿನಲ್ಲಿ ನನ್ನ ಎರಡೂ ಕೈ ಚಹಾದ ಕಪ್ಪು ಬಸಿ ಹಿಡಿದಿದ್ದವು. ಹೆದರಿಕೊಂಡು ಈ ಪತ್ರ ಬರೆಯುತ್ತಿಲ್ಲ. ಸುಳ್ಳು, ಹೆದರಿದ್ದೇನೆ. ಆದರೆ ಬರೆಯುವುದಕ್ಕೆ ಕಾರಣ ಬೇರೆ. ಇಪ್ಪತ್ತೆರಡು ವರ್ಷ ನಿಮ್ಮಿಂದ ಬಚ್ಚಿಟ್ಟದ್ದೊಂದನ್ನು ಹೇಳಬೇಕು. ನಿಮಗೆ ಅದು ಗೊತ್ತಿಲ್ಲದಿದ್ದರೆ.

ರಾಣೆಬೆನ್ನೂರಿನ ಆ ಬೀಜದ ಗೋದಾಮಿನ ಕೆಲಸ ನೆನಪಿದೆಯೇ? ನಾನು ಆಗ ಮಣ್ಣಿನ ಬುಟ್ಟಿ ಹೊರುತ್ತಿದ್ದೆ. ಊಟದ ಹೊತ್ತಿಗೆ ಎಲ್ಲರೂ ನೆರಳಿಗೆ ಹೋದಾಗ ಮಣ್ಣು ಮೆತ್ತುವ ನಿಮ್ಮ ಥಾಪಿ ತೆಗೆದುಕೊಂಡು ಗೋಡೆಯ ಮೇಲೆ ಒಂದು ಕಲ್ಲು ಕೂರಿಸಿ ನೋಡುತ್ತಿದ್ದೆ. ನೀವು ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ. "ಗಂಗವ್ವ, ಕಲ್ಲ ಸೊಟ್ಟ ಕುಂತೈತಿ. ತಗದು ಮತ್ತ ಇಡು" ಅಂದಿರಿ, ಅಷ್ಟೇ. ಮರುದಿನದಿಂದ ನನ್ನ ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಹೆಣ್ಣುಮಗಳು ಗೋಡೆ ಕಟ್ಟುವ ಗೌಂಡಿಯಾದಳೆಂದು ಉಳಿದ ಗೌಂಡಿಗಳು ನಕ್ಕರು. "ಆಕಿ ಕಟ್ಟಿದ ಗ್ವಾಡಿ ಮಳಿಗಾಲ ಕಾಣಂಗಿಲ್ಲ" ಎಂದು ಒಬ್ಬ ನಿಮ್ಮೆದುರಿಗೇ ಅಂದ. ನೀವು ಸುಮ್ಮನೆ ಬೀಡಿ ಹಚ್ಚಿಕೊಂಡಿರಿ.

ನೀವು ಕಲಿಸಿದ ಮೊದಲ ಪಾಠ, ಕಲ್ಲಿನ ಗೋಡೆ ಒಂದಲ್ಲ ಎರಡು ಎಂಬುದು. ಒಳಗಿನದೊಂದು, ಹೊರಗಿನದೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡಕ್ಕೂ ಮುಟ್ಟುವ ಉದ್ದನೆಯ ಕಲ್ಲನ್ನು ಅಲ್ಲಲ್ಲಿ ಅಡ್ಡ ಕೂರಿಸಬೇಕು. ಅಡ್ಡಗಲ್ಲು ಅನ್ನುತ್ತಿದ್ದಿರಿ. "ನೆಲ ಅಲುಗಿದ್ರ ಎರಡೂ ಗ್ವಾಡಿ ಬ್ಯಾರೆ ಬ್ಯಾರೆ ದಿಕ್ಕಿಗೆ ಹೊಕ್ಕಾವು. ಕೈ ಕೈ ಹಿಡಕೊಂಡಿದ್ರ ಉಳಿತಾವು." ಮಹಾರಾಷ್ಟ್ರದಲ್ಲಿ ಭೂಕಂಪಕ್ಕೆ ಬಿದ್ದ ಊರುಗಳನ್ನು ಮತ್ತೆ ಕಟ್ಟಲು ಹೋಗಿ ಬಂದವರು ನೀವು. ಅಲ್ಲಿ ಏನು ಕಂಡಿರೋ, ಒಂದು ದಿನವೂ ಹೇಳಲಿಲ್ಲ. ಬಂದ ಮೇಲೆ ಅಡ್ಡಗಲ್ಲು ಕೂರಿಸಿದ ಕಡೆಯೆಲ್ಲ ಹೆಬ್ಬೆರಳಿನಿಂದ ಸುಣ್ಣದ ಬೊಟ್ಟು ಇಡುವ ರೂಢಿ ಮಾಡಿಕೊಂಡಿರಿ. ಮುಂದೆ ಎಂದಾದರೂ ಮನೆಯವರು ಕಿಟಕಿಗೆಂದು ಗೋಡೆ ಒಡೆಯಲು ಹೋದರೆ ಆ ಕಲ್ಲನ್ನು ಮುಟ್ಟಬಾರದು ಎಂದು. ನಿಮ್ಮ ಬಲ ಹೆಬ್ಬೆರಳಿನ ಒಂದು ಬದಿ ಯಾವಾಗಲೋ ಕಲ್ಲಿನಡಿ ಸಿಕ್ಕು ಹೋಗಿತ್ತಲ್ಲ, ಹಾಗಾಗಿ ನಿಮ್ಮ ಬೊಟ್ಟು ಒಂದು ಕಡೆ ಕಚ್ಚಿದ ರೊಟ್ಟಿಯಂತಿರುತ್ತಿತ್ತು. ಜನ ಅದನ್ನು ನೋಡಿಯೇ ಇದು ಹುಸೇನಸಾಬನ ಗೋಡೆ ಅನ್ನುತ್ತಿದ್ದರು.

ರಜಿಯಾಳ ಮದುವೆಗೆ ಮುಂಚೆ ಬ್ಯಾಡಗಿಯಲ್ಲಿ ಅವಳ ಮನೆ ಕಟ್ಟಿದೆವು. ಪಡುವಣ ಗೋಡೆಗೆ ಬರುವ ಹೊತ್ತಿಗೆ ನಿಮಗೆ ಜ್ವರ. "ಈ ಗ್ವಾಡಿ ನಿಂದು, ಗಂಗವ್ವ" ಎಂದು ಥಾಪಿ ನನ್ನ ಕೈಗೆ ಕೊಟ್ಟು ಮಲಗಿದಿರಿ. ಉದ್ದ ಕಲ್ಲುಗಳು ಮುಗಿದಿದ್ದವು. ಕಲ್ಲಿನ ಟ್ರ್ಯಾಕ್ಟರ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತಲೇ ಇದ್ದರು. ಮದುವೆಗೆ ಹತ್ತು ದಿನ ಉಳಿದಿತ್ತು. ನನ್ನ ಕೈಯ ಮೊದಲ ಪೂರಾ ಗೋಡೆ ಅದು, ಅರ್ಧಕ್ಕೆ ನಿಲ್ಲಿಸಿ ಕೂತರೆ ಆ ಗೌಂಡಿಗಳು ಮತ್ತೆ ನಗುತ್ತಾರೆ ಅನ್ನಿಸಿತು. ಏಳು ಕಡೆ ಅಡ್ಡಗಲ್ಲಿನ ಜಾಗದಲ್ಲಿ ಒಳಗೊಂದು ಹೊರಗೊಂದು ಗಿಡ್ಡ ಕಲ್ಲು ಕೂರಿಸಿದೆ. ಏಳರ ಮೇಲೂ ಸುಣ್ಣದ ಬೊಟ್ಟು ಇಟ್ಟೆ. ನನ್ನ ಹೆಬ್ಬೆರಳಿನ ದುಂಡನೆಯ ಬೊಟ್ಟು.

ಜ್ವರ ಬಿಟ್ಟ ದಿನ ನೀವು ಕಂಬಳಿ ಹೊದ್ದುಕೊಂಡೇ ಬಂದು ಗೋಡೆಗೆ ಕಿವಿ ಇಟ್ಟಿರಿ. ಟಕ್ ಟಕ್. ಟಕ್. ಈ ಮೂಲೆಯಿಂದ ಆ ಮೂಲೆಯವರೆಗೆ, ಮೇಲಿಂದ ಕೆಳಗಿನವರೆಗೆ ಬಡಿದು ನೋಡಿದಿರಿ. ಕೊನೆಗೆ "ಹ್ಞೂಂ" ಅಂದಿರಿ. ಆ ಹ್ಞೂಂ ಅನ್ನುವುದಕ್ಕೆ ಏನು ಅರ್ಥ ಕಾಕಾ? ಸರಿಯಿದೆ ಎಂದೋ, ತಿಳಿಯಿತು ಎಂದೋ? ಆಮೇಲೆ ಮಗಳ ಮನೆಗೆ ಬಂದಾಗಲೆಲ್ಲ ನೀವು ಅದೇ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಿರಿ. ಹಬ್ಬದ ದಿನ ಕುರ್ಚಿ ಹಾಕಿದರೂ ಬೇಡ ಅನ್ನುತ್ತಿದ್ದಿರಿ. ರಜಿಯಾ ಆ ಗೋಡೆಗೆ ಗಿಲಾವು ಮಾಡಿಸಲೇ ಇಲ್ಲ, ಅಬ್ಬಾ ಇಡಿಸಿದ ಬೊಟ್ಟುಗಳು ಮುಚ್ಚಿ ಹೋಗುತ್ತವೆ ಎಂದು. ಪ್ರತಿ ರಂಜಾನಿಗೆ ಏಳರ ಮೇಲೂ ಹೊಸ ಸುಣ್ಣ ಹಚ್ಚುತ್ತಾಳೆ. ನನ್ನ ಸುಳ್ಳು ಹಳೆಯದಾಗಲು ಅವಳು ಬಿಡಲೇ ಇಲ್ಲ.

ನಿಮ್ಮ ಕೊನೆಯ ದಿನಗಳಲ್ಲಿ ನೋಡಲು ಬಂದಿದ್ದೆ. ಮಾತು ನಿಂತುಹೋಗಿತ್ತು. ನನ್ನನ್ನು ನೋಡಿ ಮಂಚದ ಪಟ್ಟಿಯ ಮೇಲೆ ಬೆರಳಿನ ಗೆಣ್ಣಿನಿಂದ ಬಡಿಯತೊಡಗಿದಿರಿ. ನೀರು ಬೇಕೇನೋ ಎಂದು ಚಾಚಿ ಲೋಟ ತಂದರು. ನಾನು ಎಣಿಸುತ್ತಿದ್ದೆ. ಎಂಟು. ಏಳಾಗಿದ್ದರೆ ಅಲ್ಲೇ ನಿಮ್ಮ ಕಾಲು ಹಿಡಿದು ಹೇಳಿಬಿಡುತ್ತಿದ್ದೆನೋ ಏನೋ. ಎಂಟು ಆದದ್ದರಿಂದ ಇದು ಬೇರೆ ಏನೋ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಹಾವೇರಿ ಬಸ್ಸು ಹತ್ತಿದೆ. ಎಂಥ ಹೇಡಿ ನಾನು ನೋಡಿ.

ಈಗ ನಾನು ಮಾಡುವ ಕೆಲಸ ಕೇಳಿದರೆ ನಗುತ್ತೀರಿ. ಹಾವೇರಿಯಲ್ಲಿ ಒಂದು ವಾರದ ತರಬೇತಿ ಕೊಟ್ಟರು, ಹಳೆಯ ಮನೆಗಳನ್ನು ಭೂಕಂಪ ತಡೆಯುವಂತೆ ಗಟ್ಟಿ ಮಾಡುವುದು ಹೇಗೆಂದು. ಕಟ್ಟಿ ಮುಗಿದ ಗೋಡೆಯಲ್ಲೂ ಆರಪಾರು ತೂತು ತೆಗೆದು, ಕೊಕ್ಕೆ ಬಾಗಿಸಿದ ಸರಳು ಇಟ್ಟು, ಕಾಂಕ್ರೀಟು ತುಂಬಿದರೆ ಅದೇ ಅಡ್ಡಗಲ್ಲಾಗುತ್ತದೆ. ಸೂರಿನ ಕೆಳಗೆ ಸುತ್ತಲೂ ತಂತಿಬಲೆ ಬಿಗಿದು ಸಿಮೆಂಟಿನ ಪಟ್ಟಿ ಎಳೆಯಬೇಕು, ಮನೆಗೆ ನಡುಕಟ್ಟು ಕಟ್ಟಿದ ಹಾಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆಯಿಂದ ಕರೆಯುತ್ತಾರೆ. ಕೆಲಸ ಮುಗಿದ ಮೇಲೆ ನಿಮ್ಮಂತೆಯೇ ಬೊಟ್ಟು ಇಡುತ್ತೇನೆ. ಜನ ನಂಬುತ್ತಾರೆ. ಎಲ್ಲರ ಮನೆಗೂ ಹೋದೆ, ರಜಿಯಾಳ ಮನೆಯೊಂದನ್ನು ಬಿಟ್ಟು. ಅಲ್ಲಿ ತೂತು ತೆಗೆದರೆ ಏನು ಕಾಣುತ್ತದೆಂದು ನನಗೆ ಗೊತ್ತಿತ್ತಲ್ಲ.

ಹೋದ ತಿಂಗಳ ಆ ಮಧ್ಯಾಹ್ನ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿದ್ದೆ. ಕಾಲಡಿ ಭಾರದ ಗಾಡಿ ಹಾದುಹೋದ ಹಾಗಾಯಿತು. ಗಾಡಿ ಇರಲಿಲ್ಲ. ಒಟ್ಟಿದ ಚೀಲಗಳಲ್ಲಿ ಮೇಲಿನದೊಂದು ತಾನಾಗಿ ಜಾರಿ ಬಿತ್ತು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತಂತೆಯೇ ನಿಂತುಬಿಟ್ಟರು. ಕೆಂಪು ಧೂಳು ಎದ್ದು ಗಾಳಿಯಲ್ಲಿ ನಿಂತಿತು, ಆ ಧೂಳಿನಲ್ಲಿ ಯಾರೂ ಸೀನಲಿಲ್ಲ. ಸುಗ್ಗಿಯ ದಿನಗಳಲ್ಲಿ ಆ ಯಾರ್ಡು ಅಷ್ಟು ಸುಮ್ಮನಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ. ಎರಡು ಉಸಿರಿನ ಹೊತ್ತು, ಅಷ್ಟೇ. ಎಲ್ಲೂ ಏನೂ ಬೀಳಲಿಲ್ಲ. ಆದರೆ ನಾನು ಆಗಲೇ ರಜಿಯಾಳ ಮನೆಯ ಕಡೆ ಓಡುತ್ತಿದ್ದೆ.

ನಿಮ್ಮ ಮೊಮ್ಮಗಳು ಶಾಹೀನ ಬಾಣಂತನಕ್ಕೆ ಬಂದಿದ್ದಾಳೆ, ಅದು ನಿಮಗೆ ಗೊತ್ತಿರಲಿಕ್ಕಿಲ್ಲ. ಹೆಣ್ಣುಕೂಸು. ನಾನು ಹೋಗುವಷ್ಟರಲ್ಲಿ ರಜಿಯಾ ತೊಟ್ಟಿಲನ್ನು ಪಡಸಾಲೆಯಿಂದ ಎತ್ತಿ ತಂದು ಪಡುವಣ ಗೋಡೆಗೆ ಒತ್ತಿ ಇಟ್ಟಿದ್ದಳು. "ಇಲ್ಲೇ ಎಲ್ಲಾಕ್ಕಿಂತ ಗಟ್ಟಿ ಐತಿ, ಗಂಗಕ್ಕ. ಅಬ್ಬಾನ ಏಳ ಬೊಟ್ಟ ಅದಾವ. ನೆಲ ನಡಗಿದ ಕೂಡ್ಲೇ ಇಲ್ಲಿಗೆ ತಂದೆ. ಕುಂದರು, ಚಾ ಕುಡಿ." ಚಹಾ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಕೂಸು ಎಚ್ಚರವಾಗಿತ್ತು. ಪಕ್ಕದಲ್ಲೇ ಕೂತ ತಾಯಿಯನ್ನು ನೋಡುತ್ತಿರಲಿಲ್ಲ, ಬೊಟ್ಟುಗಳನ್ನೂ ನೋಡುತ್ತಿರಲಿಲ್ಲ. ಬಾಗಿಲಿನ ಕಡೆ ಗೋಡೆಯ ಬುಡವನ್ನು ನೋಡುತ್ತಿತ್ತು. ಕೂತವರೊಬ್ಬರು ಎದ್ದು ನಿಲ್ಲುವುದನ್ನು ನೋಡುವಂತೆ ಅದರ ಕಣ್ಣುಗಳು ಕೆಳಗಿನಿಂದ ಮೇಲಿನ ಮೂಲೆಯವರೆಗೆ ನಿಧಾನವಾಗಿ ಹೋದವು. ಆಗ ಗೋಡೆಯೊಳಗಿಂದ ಸದ್ದು ಬಂತು. ಟಕ್ ಟಕ್. ಟಕ್. ರಜಿಯಾಳಿಗೂ ಶಾಹೀನಳಿಗೂ ಕೇಳಿಸಲಿಲ್ಲ. ಕೂಸು ನಕ್ಕಿತು.

ಕಪ್ಪು ಕೆಳಗಿಟ್ಟು ಹೇಳಿಬಿಟ್ಟೆ. "ರಜಿಯಾ, ತೊಟ್ಟಲಾ ತಗಿ. ಆ ಬೊಟ್ಟ ಸುಳ್ಳ ಅದಾವ. ಒಂದರ ಹಿಂದೂ ಅಡ್ಡಗಲ್ಲ ಇಲ್ಲ. ನಾನ ಇಟ್ಟೇನಿ."

ಅವಳು ಕೂಸನ್ನು ಎತ್ತಿ ಶಾಹೀನಳ ಕೈಗೆ ಕೊಟ್ಟು ಇಬ್ಬರನ್ನೂ ಅಂಗಳಕ್ಕೆ ಕಳಿಸಿದಳು. ತೊಟ್ಟಿಲನ್ನು ಒಬ್ಬಳೇ ಎಳೆದು ಪಡಸಾಲೆಗೆ ಒಯ್ದಳು. ತಿರುಗಿ ಬಂದು ಕೇಳಿದಳು. "ಅಬ್ಬಾಗ ಗೊತ್ತಿತ್ತೇನ?"

"ನನಗ ತಿಳೀದು."

"ಗೊತ್ತಿತ್ತು. ಶಾಹೀನ ಸಣ್ಣಾಕಿದ್ದಾಗ ಈ ಗ್ವಾಡಿ ಕಡೆ ಮಲಗಸಬ್ಯಾಡ, ಗಾಳಿ ಬರಂಗಿಲ್ಲ ಅಂತಿದ್ರು. ಎದುರಿಗೇ ಕಿಡಕಿ ಐತಿ, ಗಾಳಿ ಯಾಕ ಬರಂಗಿಲ್ಲ ಅಂತ ನಾ ನಗತಿದ್ದೆ. ಬ್ಯಾರೆ ಯಾರರ ಅಲ್ಲಿ ಕುಂತ್ರ ಎಬ್ಬಿಸಿ ತಾವ ಕುಂದರತಿದ್ರು." ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ ಅಂದಳು. "ನೀ ಗೌಂಡಿ ಆಗಿ ಉಳೀಲಿ ಅಂತ ನನ್ನ ಮನ್ಯಾಗ ಸುಮ್ಮನ ಕುಂತ್ರಲ್ಲ ಗಂಗಕ್ಕ, ಅವರು."

ಕಾಕಾ, ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಿಮ್ಮ ಮೇಲೆ ಸಿಟ್ಟು ಬಂತು. ಗೋದಾಮಿನಲ್ಲಿ ಅಂದಂತೆ "ತಗದು ಮತ್ತ ಇಡು" ಎಂದು ಒಂದು ಮಾತು ಅಂದಿದ್ದರೆ ಇಡುತ್ತಿರಲಿಲ್ಲವೇ? ಗೌಂಡಿಗಳು ನಗುತ್ತಿದ್ದರು, ನಕ್ಕು ಸುಮ್ಮನಾಗುತ್ತಿದ್ದರು. ಎರಡು ಆಳೆತ್ತರದ ಗೋಡೆಯನ್ನು ಒಬ್ಬ ಮನುಷ್ಯ ಬೆನ್ನು ಕೊಟ್ಟು ಹಿಡಿದಿಡುವುದು ಸಾಧ್ಯವೇ? ನನ್ನ ಹೆಸರಿಗಾಗಿ ನಿಮ್ಮ ಮಗಳನ್ನು, ಅವಳ ಕೂಸನ್ನು... ಹೋಗಲಿ. ಇಷ್ಟು ಬೈದುಕೊಳ್ಳಲು ನನಗೆ ನೀವು ಬಿಟ್ಟರೆ ಯಾರಿದ್ದಾರೆ?

ಮರುದಿನ ಬೆಳಿಗ್ಗೆಯೇ ತೊಲೆಗಳಿಗೆ ಆಸರೆ ಕಂಬ ಕೊಟ್ಟು ಕೆಲಸ ಶುರು ಮಾಡಿದೆ. ಒಂದು ತೂತು ಮುಗಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಗಿಡ್ಡ ಕಲ್ಲು ತೆಗೆದರೆ ಒಳಗೆ ಮಣ್ಣೇ ಇರಲಿಲ್ಲ. ಇಲಿ ತೋಡಿ, ಇರುವೆ ಹೊತ್ತು, ಕೈ ಹಾಕಿದರೆ ಮೊಣಕೈಯವರೆಗೂ ಪೊಳ್ಳು. ಹೊರಗೆ ಬ್ಯಾಡಗಿಯ ಬಿಸಿಲು, ಒಳಗಿಂದ ಬರುವ ಗಾಳಿ ತಣ್ಣಗೆ. ಏಳನೆಯ ತೂತಿಗೆ ಮುಖ ಕೊಟ್ಟಾಗ ಬೀಡಿಯ ವಾಸನೆ ಬಂತು. ಆ ಮನೆಯಲ್ಲಿ ಈಗ ಯಾರೂ ಬೀಡಿ ಸೇದುವುದಿಲ್ಲ. ನಾನು ಸರಳು ಇಟ್ಟು ಕಾಂಕ್ರೀಟು ತುಂಬಿದೆ. ಅದು ಗಟ್ಟಿಯಾದ ಮೇಲೆ ಏಳು ಕಡೆ ಹೊಸದಾಗಿ ಬೊಟ್ಟು ಇಟ್ಟು, ಏಣಿಯನ್ನು ಅಂಗಳಕ್ಕೆ ಒಯ್ದು ತೊಳೆದು, ಊಟಕ್ಕೆ ಕೂತೆ.

ಉಂಡು ಒಳಗೆ ಬಂದಾಗ ಗೋಡೆಯ ಮೇಲೆ ಎಂಟು ಬೊಟ್ಟುಗಳಿದ್ದವು. ಎಂಟನೆಯದು ಬಾಗಿಲಿನ ಕಡೆಯ ಮೇಲಿನ ಮೂಲೆಯಲ್ಲಿ, ಏಣಿಯಿಲ್ಲದೆ ನಮ್ಮಲ್ಲಿ ಯಾರ ಕೈಗೂ ಎಟುಕದ ಎತ್ತರದಲ್ಲಿ. ಹಸಿ ಸುಣ್ಣ. ಒಂದು ಕಡೆ ಕಚ್ಚಿದ ರೊಟ್ಟಿಯಂತೆ. ರಜಿಯಾಳನ್ನು ಕರೆದು ತೋರಿಸಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಏಣಿ ತಂದು ಹತ್ತಿ ಬಡಿದೆ. ಬಿಂದಿಗೆ ಬಡಿದಂತೆ ಸದ್ದಾಯಿತು. ಬೊಟ್ಟಿನ ಪಕ್ಕದ ಕಲ್ಲು ಕೈ ತಾಗಿದ್ದೇ ತಡ, ತಾನಾಗಿ ಸರಿಯಿತು. ಒಳಗಿನ ಗೋಡೆ, ಹೊರಗಿನ ಗೋಡೆ ಆಗಲೇ ಅಂಗೈ ಅಗಲ ಬೇರೆಯಾಗಿದ್ದವು. ಸೂರಿನ ದೊಡ್ಡ ತೊಲೆಯ ತುದಿ ಅಲ್ಲೇ ಕೂತಿದೆ. ನೆಲ ನಡುಗಿದ ದಿನ ತೊಟ್ಟಿಲು ಇದ್ದದ್ದು ಅದರ ನೇರ ಕೆಳಗೆ.

ಆಗ ನೆನಪಾಯಿತು ಕಾಕಾ. ಗೋಡೆ ಮುಗಿಸಿದ ದಿನ ಆ ಮೂಲೆಯಲ್ಲಿ ಅವಸರಕ್ಕೆ ಅಡ್ಡಗಲ್ಲೂ ಇಡಲಿಲ್ಲ, ಬೊಟ್ಟೂ ಇಡಲಿಲ್ಲ. ಅಲ್ಲಿ ಸುಳ್ಳು ಹೇಳುವುದನ್ನೂ ಮರೆತಿದ್ದೆ. ಇಪ್ಪತ್ತೆರಡು ವರ್ಷ ಏಳು ತಪ್ಪು ನೆನೆದು ಕೊರಗಿದೆ, ಎಲ್ಲಕ್ಕಿಂತ ದೊಡ್ಡದು ನನ್ನ ನೆನಪಿನಲ್ಲೇ ಇರಲಿಲ್ಲ. ನೀವು ಮಂಚದ ಪಟ್ಟಿಯ ಮೇಲೆ ತಪ್ಪಿ ಎಣಿಸಿರಲಿಲ್ಲ.

ನಿಮ್ಮ ಬೊಟ್ಟು ಅಳಿಯದಂತೆ ಪಕ್ಕದಲ್ಲೇ ತೂತು ತೆಗೆದು ಎಂಟನೆಯದಕ್ಕೆ ಎರಡು ಸರಳು ಇಟ್ಟೆ. ಸೂರಿನ ಕೆಳಗಿನ ಪಟ್ಟಿಯನ್ನೂ ನಾಲ್ಕೂ ಗೋಡೆಗೆ ಎಳೆದು ಮುಗಿಸಿದೆ. ರಜಿಯಾ ಮಾತಾಡಿಸುತ್ತಾಳೆ, ಮೊದಲಿನಷ್ಟಲ್ಲ. ಈಗ ಯಾರ ಮನೆಯಲ್ಲೂ ಬೊಟ್ಟು ಇಡುವ ಮೊದಲು ಮನೆಯವರ ಕೈಯನ್ನೇ ತೂತಿಗೆ ಹಾಕಿಸಿ ಸರಳು ಮುಟ್ಟಿಸುತ್ತೇನೆ. ಯಾಕೆ ಎಂದು ಕೇಳಿದವರಿಗೆಲ್ಲ ಈ ಗೋಡೆಯ ಕಥೆ ಹೇಳುತ್ತೇನೆ. ಕೇಳಿದ ಮೇಲೆ ಇಬ್ಬರು ನನ್ನ ಕೈಯ ಕೆಲಸ ಬೇಡವೆಂದರು. ಅನ್ನಲಿ ಬಿಡಿ.

ಇನ್ನೊಂದು ಸುದ್ದಿ ಉಳಿದಿದೆ. ಕೆಲಸ ಮುಗಿದು ಇಪ್ಪತ್ತು ದಿನವಾಯಿತು. ನಾನು ಇಟ್ಟ ಏಳು ಬೊಟ್ಟುಗಳೂ ಅದೇ ಸಂಜೆಗೆ ಒಣಗಿದವು. ನಿಮ್ಮದು ಒಣಗಿಲ್ಲ. ನಿನ್ನೆಯೂ ಹೋಗಿ ಮುಟ್ಟಿದೆ, ಬೆರಳಿಗೆ ಬಿಳಿ ಅಂಟಿತು. ಗೋಡೆಯ ಬುಡದಲ್ಲಿ ನೀವು ಕೂರುತ್ತಿದ್ದ ಜಾಗದ ನೆಲ ಅಂಗೈಯಿಟ್ಟರೆ ಬೆಚ್ಚಗಿದೆ. ಕೂಸು ಈಗಲೂ ಆ ಕಡೆ ನೋಡಿ ನಗುತ್ತದೆ.

ಅದಕ್ಕೇ ಈ ಪತ್ರ. ಗೋಡೆ ಈಗ ತನ್ನ ಬಲದ ಮೇಲೆ ನಿಂತಿದೆ, ಕಾಕಾ. ನಾನೇ ಬಡಿದು ನೋಡಿದ್ದೇನೆ, ರಜಿಯಾಳ ಕೈಯಿಂದಲೂ ಬಡಿಸಿದ್ದೇನೆ. ನೀವು ಅದನ್ನು ಹಿಡಿದುಕೊಂಡು ಕೂರಬೇಕಾಗಿಲ್ಲ. ಬೆನ್ನು ತೆಗೆಯಿರಿ, ಎದ್ದು ಹೋಗಿ ಮಲಗಿರಿ. ನಾಳೆ ಮಧ್ಯಾಹ್ನ ಏಣಿ ಹತ್ತಿ ಬೊಟ್ಟು ಮುಟ್ಟಿ ನೋಡುತ್ತೇನೆ. ಒಣಗಿದ್ದರೆ, ನೀವು ಇದನ್ನು ಓದಿದಿರಿ ಎಂದುಕೊಳ್ಳುತ್ತೇನೆ.

ನಿಮ್ಮ
ಗಂಗವ್ವ