ಜ್ವರದವರ ಬ್ರೆಡ್ಡು

ಅವ್ವಾ,

ನೀನು ಹೋದ ಮೇಲೆ ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಇವತ್ತು ಎಂಟನೇ ಕ್ಲಾಸಿನಲ್ಲಿ ‘ಬ್ರೆಡ್’ ಎಂಬ ಪದದ ಕತೆ ಹೇಳಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ತುಂಡು, ತುತ್ತು ಎಂದಷ್ಟೇ ಅರ್ಥವಿತ್ತಂತೆ. ಇಡೀ ರೊಟ್ಟಿಗೆ ‘ಲೋಫ್’ ಎನ್ನುತ್ತಿದ್ದರಂತೆ. ತುಂಡಿನ ಹೆಸರೇ ಆಮೇಲೆ ರೊಟ್ಟಿಗೂ ನಿಂತಿತು. ನಮ್ಮಲ್ಲಿ ಬ್ರೆಡ್ ಅಂದರೇನು ಎಂದು ಕೇಳಿದ್ದಕ್ಕೆ ಶಬೀನಾ ಎಂಬ ಹುಡುಗಿ, “ಜ್ವರ ಬಂದಾಗ ತಿನ್ನೋದು ಸಾರ್” ಅಂದಳು. ಇಡೀ ಕ್ಲಾಸು ಹೌದೆಂದಿತು.

ನೀನು ಚಳ್ಳಕೆರೆ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದವರೆಲ್ಲ ಬ್ರೆಡ್ಡೇ ತರುತ್ತಿದ್ದರು. “ನಂಗೆ ಸೇರಲ್ಲ, ನೀನೇ ತಿನ್ನು” ಅನ್ನುತ್ತಿದ್ದೆ ನೀನು. ನಾನು ಟೀಗೆ ಅದ್ದಿಕೊಂಡು ತಿನ್ನುತ್ತಿದ್ದೆ. ನೀನು ನೋಡುತ್ತಿದ್ದೆ.

ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಒಂದು ಬ್ರೆಡ್ ಕೇಳಿದೆ. ಬೇಕರಿಯ ಖಾಸಿಂ ಸಾಬರಿಗೆ ನೀನು ತೀರಿಕೊಂಡದ್ದು ಗೊತ್ತಿಲ್ಲ. “ಯಾರಿಗೆ ಹುಷಾರಿಲ್ಲ ಮೇಷ್ಟ್ರೇ?” ಅಂದರು.

ಯಾರಿಗೂ ಏನೂ ಆಗಿಲ್ಲ ಎನ್ನಬೇಕಿತ್ತು. “ನಮ್ಮವ್ವಂಗೆ” ಅಂದೆ.

ಅವರು ಮುಂದೆ ಜೋಡಿಸಿದ್ದನ್ನು ಬಿಟ್ಟು, ಒಳಗಿನಿಂದ ಆಗ ತಾನೇ ಇಳಿಸಿದ್ದನ್ನು ತಂದುಕೊಟ್ಟರು.

“ಹಾಲಲ್ಲಿ ನೆನೆಸಿ ಕೊಡ್ರಿ. ಸೇರಲ್ಲ ಅಂತಾರೆ, ಬಿಡಬ್ಯಾಡ್ರಿ. ಎದುರಿಗೆ ಕೂತು ತಿನ್ನಿಸ್ರಿ.”

ಹೂಂ ಅಂದು ತಗೊಂಡು ಬಂದೆ. ಇನ್ನೂ ಬೆಚ್ಚಗಿದೆ.