ಬೆನ್ನಿನ ಮಚ್ಚೆ

ಮಾರ್ಚ್ ಒಂಬತ್ತು, ಸೋಮವಾರ ಮಧ್ಯಾಹ್ನ. ಸ್ಟುಡಿಯೋದಲ್ಲಿ ನಾನೊಬ್ಬನೇ ಇದ್ದೇನೆ.

ನೀನು ಬಿಟ್ಟುಹೋದ ಮೇಲೆ ಈಜು ಕಲಿಸುವ ಹೆಂಗಸೊಬ್ಬರು ನನ್ನ ಚಿತ್ರಗಳಿಗೆ ರೂಪದರ್ಶಿಯಾಗಿ ಬಂದು ಕೂರುತ್ತಿದ್ದಾರೆ. ಇವತ್ತು ಹೊರಡುವ ಮೊದಲು ಮುಗಿದ ಚಿತ್ರ ನೋಡಿ ಅವರು ನಕ್ಕುಬಿಟ್ಟರು.

“ಬೆನ್ನೇನೋ ನಂದೇ ಸಾರ್. ಈ ಮಚ್ಚೆ ಯಾರದು? ನನಗೆ ಮಚ್ಚೆನೇ ಇಲ್ವಲ್ಲ!”

ನಿನ್ನ ಎಡ ಹೆಗಲ ಕೆಳಗಿನ ಮಚ್ಚೆ ಅದು. ಕೈ ತಾನಾಗಿಯೇ ಇಟ್ಟುಬಿಟ್ಟಿತ್ತು. ಅವರಿಗೆ ಕಣ್ತಪ್ಪು ಎಂದೆ.

ಬಿಟ್ಟುಹೋಗುವ ಮುಂಚೆ ನೀನು, “ಏಳು ವರ್ಷ ನಿನ್ನೆದುರು ಬೆತ್ತಲೆ ಕೂತಿದೀನಿ. ಒಂದೇ ಒಂದ್ಸಲ ನೀನು ಕೂತ್ಕೋ, ನಾನು ನೋಡ್ತೀನಿ,” ಎಂದು ಕೇಳಿದ್ದೆ. ಬಣ್ಣ ಒಣಗಿಹೋಗುತ್ತದೆ ಎಂದು ನಾನು ನೆಪ ಹೇಳಿದ್ದೆ.

ಮಚ್ಚೆಯನ್ನು ಅಳಿಸಲಿಲ್ಲ. ನಾಳೆ ದೊಡ್ಡ ಕನ್ನಡಿಯನ್ನು ಈಚೆ ತಿರುಗಿಸಿ, ನಿನ್ನ ಕುರ್ಚಿಯಲ್ಲಿ ಕೂತು, ನನ್ನನ್ನೇ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಸದ್ಯಕ್ಕೆ ಕನ್ನಡಿ ಗೋಡೆಗೆ ಮುಖಮಾಡಿಯೇ ನಿಂತಿದೆ.