ಹಳೇ ರಿಪೋರ್ಟು ಓದಿ ಅತ್ತ ತಮ್ಮನಿಗೆ

ತಮ್ಮಾ,

ಹೊಲಿಗೆ ಅಂಗಡಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ನಿನ್ನೆ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಕೇಳಿಸಿತು. ಅಕ್ಕನಿಗೆ ಹೋಗಿದ್ದು ಒಂದು ಕಿಡ್ನಿ ಕಣೋ, ಕಿವಿಯಲ್ಲ.

ನೀನು ಓದಿದ ರಿಪೋರ್ಟಿನ ತಾರೀಖು ನೋಡು ಮಹಾನುಭಾವ, ಅದು ಆಪರೇಷನ್ನಿಗೆ ಮುಂಚಿನದು. ಆಗ ರಕ್ತದಲ್ಲಿ ಉರಿಯೂತದ ಅಂಕಿ ಅರವತ್ತು. ಮೊನ್ನೆಯದನ್ನು ಮೇಜಿನ ಮೇಲಿಟ್ಟಿದ್ದೇನೆ: ನಾಲ್ಕು. "ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಇದು ಇಳಿದರೆ ಆಯುಸ್ಸಿಗೆ ಒಳ್ಳೇ ಸೂಚನೆ, ಆದ್ರೆ ಗ್ಯಾರಂಟಿ ಅಲ್ಲಮ್ಮ" ಅಂದರು ಡಾಕ್ಟರು. ಗ್ಯಾರಂಟಿ ಕೊಡುವವನು ಮೇಲಿದ್ದಾನೆ. ಅವನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ.

ಮದುವೆ ಮುಂದಕ್ಕೆ ಹಾಕಿ ಎಂದು ಹುಡುಗಿ ಮನೆಯವರಿಗೆ ಹೇಳಿದ್ದೀಯಂತೆ. ಈಗ ತಾನೇ ಫೋನ್ ಮಾಡಿ, ಗೊತ್ತಾದ ದಿನವೇ ನಡೆಯುತ್ತದೆ ಎಂದೆ. ಸಂಜೆ ಅಂಗಡಿಗೆ ಬಾ, ನಿನ್ನ ಕೋಟಿಗೆ ಅಳತೆ ತೆಗೆಯಬೇಕು.

ಅಕ್ಕ